ನಾಲ್ಕು ಬೆರಳು ದೂರದ ಉಸಿರು

ನಗಬಾರದ ಜಾಗಗಳಲ್ಲೇ ನಗು ಹೆಚ್ಚಾಗಿ ಹುಟ್ಟುತ್ತದೆಂಬುದು ನನ್ನ ಅನುಭವ. ಸಭೆ ಕೂಡಿಸಿ, ಶಾಮಿಯಾನ ಹಾಕಿಸಿ ಕರೆದರೂ ಬಾರದ ನಗು ಆಸ್ಪತ್ರೆಯ ಬೆಂಚಿನ ಮೇಲೆ ಕರೆಯದೆಯೇ ಬಂದು ನಮ್ಮ ಪಕ್ಕದಲ್ಲಿ ಕುಳಿತಿರುತ್ತದೆ. ನಾವು ಮುಖ ಗಂಟು ಹಾಕಿಕೊಂಡಷ್ಟೂ ಅದು ಒತ್ತಿ ಒತ್ತಿ ಕೂರುತ್ತದೆ. ಅಂಥ ಒಂದು ಬೆಂಚಿನ ಮೇಲೆ ನಾನು ಕಳೆದ ಕೆಲವು ತಿಂಗಳ ಸಂಗತಿಗಳಿವು.

ಅಜ್ಞಾನವೇ ಅರ್ಹತೆ

ಯಶವಂತಪುರದ ಕಡೆ ಮೆಟ್ರೋ ಓಡತೊಡಗಿದ ಹೊಸತು. ಮೂವತ್ತು ವರ್ಷ ಹಳಗನ್ನಡದ ಪಾಠ ಹೇಳಿ ನಿವೃತ್ತನಾಗಿ ಗಂಗಾನಗರದ ಮನೆಯಲ್ಲಿ ಕುಳಿತಿದ್ದ ನನಗೆ ಹೆಬ್ಬಾಳದ ಬಳಿಯ ಆಸ್ಪತ್ರೆಯೊಂದರಿಂದ ಪತ್ರ ಬಂತು. ರೋಗಿಗಳ ಮೇಲೆ ನಡೆಯುವ ಸಂಶೋಧನೆಗಳ ನ್ಯಾಯಾನ್ಯಾಯಗಳನ್ನು ವಿಚಾರಿಸುವ ಸಮಿತಿಯೊಂದು ಅಲ್ಲಿ ಉಂಟು. ಅದರಲ್ಲಿ ವೈದ್ಯಶಾಸ್ತ್ರದ ಗಂಧವೇ ಇಲ್ಲದ ಒಬ್ಬ ಸಾಮಾನ್ಯ ಮನುಷ್ಯನಿರಬೇಕೆಂದು ನಿಯಮ. ಊರೆಲ್ಲ ಹುಡುಕಿ ನನ್ನನ್ನು ಆರಿಸಿದ್ದರು. ಬಲ್ಲೆನೆಂದು ತೋರಿಸಿಕೊಳ್ಳಲು ಜೀವಮಾನವನ್ನೇ ಸವೆಸಿದವನಿಗೆ, ಏನೂ ಬಲ್ಲವನಲ್ಲವೆಂಬ ಕಾರಣಕ್ಕೆ ದೊರೆತ ಏಕೈಕ ಹುದ್ದೆ ಅದು.

ಮೊದಲನೆಯ ಸಭೆಗೆ ಬಂದ ವಿಷಯ ಉಸಿರು. ಕ್ಷಯವೇ ಮೊದಲಾದ ಸೋಂಕುಗಳು ಶ್ವಾಸಕೋಶದಲ್ಲಿ ನೆಲೆಸಿದಾಗ, ನಾವು ಹೊರಬಿಡುವ ಉಸಿರಿನಲ್ಲಿ ಮೂಗಿಗೆ ನಿಲುಕದ ಕೆಲವು ವಾಸನೆಗಳು ಬೆರೆತಿರುತ್ತವಂತೆ. ಆ ಉಸಿರನ್ನು ಕೊಳವೆಯ ಮೂಲಕ ಚೀಲದಲ್ಲಿ ಹಿಡಿದು ಯಂತ್ರಕ್ಕೆ ಮೂಸಲು ಕೊಟ್ಟರೆ, ಅದು ಗೆರೆ ಬರೆದು ರೋಗವನ್ನು ಹೇಳಬಲ್ಲುದೇ ಎಂಬುದು ಪರೀಕ್ಷೆ. ನಡೆಸುವವರು ಇಬ್ಬರು: ಶ್ವಾಸಕೋಶದ ವೈದ್ಯೆ, ಅವರನ್ನು ಎಲ್ಲರೂ ಡಾಕ್ಟರಮ್ಮನೆಂದೇ ಕರೆಯುತ್ತಿದ್ದರು, ಮತ್ತು ಮತ್ತಿಕೆರೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ, ಯಂತ್ರವನ್ನು ಕಟ್ಟಿದ, ಬ್ರಹ್ಮಚಾರಿ ಇಂಜಿನಿಯರು.

ಸಮಿತಿಯಲ್ಲಿದ್ದ ವಕೀಲರು ಕನ್ನಡಕ ತೆಗೆದು ಕೇಳಿದರು: "ಒಪ್ಪಿಗೆ ಕೊಟ್ಟ ರೋಗಿ ಆಮೇಲೆ ಮನಸ್ಸು ಬದಲಾಯಿಸಿದರೆ? ಕೊಟ್ಟದ್ದನ್ನು ನಾಶಪಡಿಸಬೇಕೆಂದು ನಿಯಮವಿದೆ. ರಕ್ತವಾದರೆ ಸುಡಬಹುದು. ಉಸಿರನ್ನು ಹೇಗೆ ನಾಶಪಡಿಸುತ್ತೀರಿ?"

ಒಬ್ಬರು ಉಸಿರು ಯಾರ ಸ್ವತ್ತೆಂದು ವಿಚಾರಿಸಿದರು. ಇನ್ನೊಬ್ಬರು ಅದಕ್ಕೊಂದು ಉಪಸಮಿತಿ ಬೇಕೆಂದರು. ಎರಡು ಗಂಟೆ ಕಳೆಯಿತು. ಅಷ್ಟರಲ್ಲಿ ಟೀ ಲೋಟಗಳನ್ನು ಒಯ್ಯಲು ಬಂದ ಆಯಾ, ನಮ್ಮ ಸಂಕಟವನ್ನು ನೋಡಲಾರದೆ ಹೇಳಿದಳು: "ಕಿಟಕಿ ತೆಗುದ್ರೆ ಆಯ್ತಲ್ಲ ಸಾರ್."

ಅದನ್ನೇ ನಾಲ್ಕು ಸಾಲಿನ ನಿರ್ಣಯವಾಗಿ ಬರೆದು, ಎಲ್ಲರೂ ಸಹಿ ಹಾಕಿದೆವು.

ಒಂದೇ ವಾಕ್ಯದ ಪತ್ರ

ರೋಗಿಗಳಿಗೆ ಓದಿಸಬೇಕಾದ ಒಪ್ಪಿಗೆ ಪತ್ರದ ಕನ್ನಡ ಕಲ್ಲು ಸಿಕ್ಕಿದ ಅನ್ನದಂತಿತ್ತು. ನಾನು ತಿದ್ದಿಕೊಡುತ್ತೇನೆಂದು ಮನೆಗೆ ಒಯ್ದು, ಮೂರು ದಿನ ಕುಳಿತು, ಇಡೀ ಪುಟವನ್ನು ಒಂದೇ ವಾಕ್ಯದಲ್ಲಿ ಹೊಸೆದು ತಂದೆ. ಕರ್ತೃ ಮೊದಲ ಸಾಲಿನಲ್ಲಿ, ಕ್ರಿಯಾಪದ ಕೊನೆಯ ಸಾಲಿನಲ್ಲಿ, ನಡುವೆ ಎಲ್ಲಿಯೂ ಕಾಲೂರಲು ಎಡೆಯಿಲ್ಲ. ನನಗೆ ಬಹಳ ತೃಪ್ತಿಯಾಗಿತ್ತು.

ಡಾಕ್ಟರಮ್ಮ ಓದಿ ಮುಗಿಸಿ ಕುರ್ಚಿಗೆ ಒರಗಿದರು. "ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಇದನ್ನ ಕೆಮ್ಮೋರು ಓದೋಕಾಗತ್ತಾ? ನಂಗೇ ಉಸಿರು ಕಟ್ತು."

ವಾಕ್ಯವನ್ನು ಮುರಿಯಲು ಮನಸ್ಸು ಬರಲಿಲ್ಲ. ಬದಲಿಗೆ ನಾನೇ ಮಂಗಳವಾರ ಶುಕ್ರವಾರ ಬಂದು, ಓದಿ ಅರ್ಥ ಹೇಳುತ್ತೇನೆಂದು ಒಪ್ಪಿಕೊಂಡೆ. ಹೀಗೆ ನಾನು ಆ ಬೆಂಚಿಗೆ ಬಂದದ್ದು.

ಮೊದಲ ದಿನವೇ ಬಂದವರು ಬ್ಯಾಟರಾಯನಪುರದ ಹಳೆಯ ಊರಿನ ಓಲಗದ ಯಜಮಾನರು. ನಲವತ್ತು ವರ್ಷದಿಂದ ಗುಡಿಯಲ್ಲಿಯೂ ಮದುವೆ ಮನೆಗಳಲ್ಲಿಯೂ ನಾಗಸ್ವರ ಊದಿದ ಬಾಯಿ. ಜೊತೆಗೆ ಏಳು ತಿಂಗಳ ಬಸುರಿ ಮಗಳು. ಆಕೆ ಬಾಯಿಗೆ ಮುಸುಕು ಹಾಕಿಕೊಂಡು ಬಾಗಿಲಾಚೆಯಿಂದಲೇ ಹೇಳಿದಳು:

"ಎರಡು ತಿಂಗ್ಳಿಂದ ಕೆಮ್ತಾವ್ರೆ ಡಾಕ್ಟ್ರಮ್ಮ. ಅಮ್ಮ ಇಲ್ಲ ನಂಗೆ. ಬಾಣಂತನಕ್ಕೆ ಅಪ್ಪಯ್ಯನ ಮನೆಗೇ ಬಂದಿದೀನಿ. ಹುಟ್ಟೋ ಕೂಸಿಗೆ ಏನಾದ್ರೂ ತಗಲಿದ್ರೆ ಅಂತ ಭಯ. ಕಫ ಕೊಡಪ್ಪಾ ಅಂದ್ರೆ ಕೊಡಲ್ಲ ಅಂತಾರೆ."

ಎಕ್ಸ್‌ರೇಯಲ್ಲಿ ಒಂದು ನೆರಳಿತ್ತು. ಅದು ಹಳೆಯದೋ ಹೊಸದೋ, ಕ್ಷಯವೋ ಅಲ್ಲವೋ ಎಂಬುದನ್ನು ಕಫವೇ ಹೇಳಬೇಕು ಎಂದರು ಡಾಕ್ಟರಮ್ಮ. ಯಜಮಾನರು ಮೀಸೆ ತಿರುವಿದರು.

"ದೇವ್ರ ಮುಂದೆ ಊದೋ ಬಾಯಿ ತಾಯಿ ಇದು. ನಾಕು ಜನ ನೋಡಂಗೆ ಡಬ್ಬಿಗೆ ಉಗಿ ಅಂದ್ರೆ ಎಂಗೆ? ಉಸ್ರು ಬೇಕಾ, ಕೇಳಿ, ಎಷ್ಟು ಬೇಕಾದ್ರೂ ಕೊಡ್ತೀನಿ. ಉಸ್ರು ನಮ್ಮನೆ ಆಸ್ತಿ. ನಿಮ್ ಮಿಶಿನ್ನು ಕಾಯ್ಲೆ ಐತೆ ಅಂತ ಏಳ್ಲಿ, ಆಮ್ಯಾಕೆ ಡಬ್ಬಿ ಇಚಾರ ಮಾತಾಡಾಣ."

"ಯಂತ್ರ ಇನ್ನೂ ಕಲೀತಿದೆ ಯಜಮಾನ್ರೇ. ಅದರ ಮಾತು ಪ್ರಮಾಣ ಅಲ್ಲ."

"ಕಲ್ತ್ಕಳ್ಳಿ ಬಿಡಿ. ನಾನೂ ಅಂಗೇ ಕಲ್ತಿದ್ದು."

ಮೊಮ್ಮಗುವಿನ ನಾಮಕರಣದಲ್ಲಿ ತಾವೇ ಓಲಗ ಊದಬೇಕೆಂಬುದು ಅವರ ಆಸೆ. ಕ್ಷಯವೆಂದಾದರೆ ಮಗಳನ್ನು ಮನೆಯಿಂದ ಕಳಿಸಬೇಕು, ಓಲಗವನ್ನು ಮೂಲೆಗಿಡಬೇಕು. ಆದ್ದರಿಂದಲೇ ಡಬ್ಬಿಯ ಮೇಲೆ ಆ ಕೋಪ. ಇದು ನಮಗೆಲ್ಲ ತಿಳಿದಿತ್ತು. ಅವರಿಗೆ ನಾನು ಪತ್ರವನ್ನು ಓದತೊಡಗಿದೆ. ಅವರು ಮೇಲುವಸ್ತ್ರವನ್ನು ಸೊಂಟಕ್ಕೆ ಕಟ್ಟಿ, ಕೈ ಮುಗಿದು, ಕಣ್ಣು ಮುಚ್ಚಿ, ಕೊನೆಯ ಕ್ರಿಯಾಪದದವರೆಗೂ ಅಲುಗಾಡದೆ ಕೇಳಿದರು. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಆ ಮರ್ಯಾದೆ ತೋರಿಸಿರಲಿಲ್ಲ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವರು ಕೇಳಿದರು:

"ಭಾಳ ಚೆಂದಾಗಿ ಓದುದ್ರಿ ಸ್ವಾಮಿ. ಮಂಗ್ಳಾರ್ತಿ ಎಷ್ಟೊತ್ಗೆ?"

ಲವಂಗದ ರೋಗ

ಪರೀಕ್ಷೆಗೆ ಬರುವವರು ಬೆಳಗಿನಿಂದ ಏನನ್ನೂ ಬಾಯಿಗೆ ಹಾಕಬಾರದೆಂದು ಕಟ್ಟಳೆ. ಎರಡನೆಯ ವಾರಕ್ಕೆ ಇಂಜಿನಿಯರು ಓಡೋಡಿ ಒಂದು ಗೆರೆಯ ಚಿತ್ರ ತಂದು ಮೇಜಿನ ಮೇಲೆ ಹಾಸಿದ.

"ಮೇಡಂ, ಇಲ್ಲಿ ನೋಡಿ. ಇಲ್ಲೊಂದು ಶಿಖರ. ಎಲ್ರಲ್ಲೂ ಇದೆ! ಕೆಮ್ಮು ಇರೋರಲ್ಲೂ ಇದೆ, ಜ್ವರ ಇರೋರಲ್ಲೂ ಇದೆ. ಪ್ರಪಂಚದಲ್ಲಿ ಯಾರೂ ಇದನ್ನ ಬರೆದಿಲ್ಲ. ಹೊಸಾ ಸೋಂಕು ಮೇಡಂ ಇದು, ನಮ್ಮ ಉತ್ತರ ಬೆಂಗಳೂರಿಗೇ ವಿಶೇಷವಾದದ್ದು!"

ಅವನು ಆಗಲೇ ಪ್ರಬಂಧದ ಮೊದಲ ಪುಟವನ್ನು ಬರೆದಾಗಿತ್ತು. ಹೊಸ ಸೋಂಕಿಗೆ ಹೆಬ್ಬಾಳದ ಹೆಸರಿಡುವುದೋ ಯಲಹಂಕದ ಹೆಸರಿಡುವುದೋ ಎಂದು ನನ್ನ ಸಲಹೆ ಕೇಳಿದ. ನಾನು ಹೆಬ್ಬಾಳಕ್ಕೆ ಇರುವ ಕಷ್ಟಗಳೇ ಸಾಕೆಂದೆ.

ಡಾಕ್ಟರಮ್ಮ ಎದ್ದರು. ಚೀಲವೊಂದರ ಮುಚ್ಚಳ ಬಿಚ್ಚಿ, ಮೂಗಿನ ಬಳಿ ಹಿಡಿದು, ಹೊರಗೆ ಹೋಗಿ ಆಯಾಳನ್ನು ಕರೆದರು.

"ಏನಮ್ಮಾ, ಕಾಯೋರಿಗೆ ಏನಾದ್ರೂ ಕೊಡ್ತಿದೀಯಾ?"

ಆಯಾ ಹೆಮ್ಮೆಯಿಂದ ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ತುಂಬ ಲವಂಗ. "ಮತ್ತೆ ಡಾಕ್ಟ್ರಮ್ಮ! ಖಾಲಿ ಹೊಟ್ಟೇಲಿ ಬಂದು ನಿಮ್ಮಂಥೋರ ಮುಂದೆ ಬಾಯಿ ಬಿಡ್ತಾರೆ, ವಾಸ್ನೆ ಬಂದ್ರೆ ನಮ್ ಆಸ್ಪತ್ರೆ ಮಾನ ಏನಾಗ್ಬೇಕು? ನನ್ ಕೈಯಿಂದ ಖರ್ಚು ಮಾಡಿ ತಲೆಗೊಂದು ಕೊಡ್ತಿದೀನಿ."

ಪ್ರಪಂಚದಲ್ಲಿ ಯಾರೂ ಬರೆಯದ ರೋಗ ಹೀಗೆ ಒಂದು ಸೆರಗಿನ ತುದಿಯಲ್ಲಿ ಗುಣವಾಯಿತು. ಪರೀಕ್ಷೆಗೆ ಮೊದಲು ಲವಂಗ ಬಾಯಿಗೆ ಹೋಗಕೂಡದೆಂದು ಡಾಕ್ಟರಮ್ಮ ಕಟ್ಟಪ್ಪಣೆ ಮಾಡಿದರು. ಆಯಾ ಅಪ್ಪಣೆಯನ್ನು ಅಕ್ಷರಶಃ ಪಾಲಿಸಿದಳು. ಮಾರನೆಯ ವಾರದಿಂದ ಲವಂಗ ಕೊಡುವುದನ್ನು ನಿಲ್ಲಿಸಲಿಲ್ಲ; "ಮುಷ್ಟೀಲಿ ಇಟ್ಕೊಂಡಿರಿ, ಊದಾದ್ ಮೇಲೆ ಬಾಯಿಗೆ ಹಾಕ್ಕಳಿ" ಎಂದು ಹೇಳಿ ಕೊಟ್ಟಳು. ಅಂದಿನಿಂದ ಬೆಂಚಿನ ಮೇಲೆ ಕುಳಿತವರೆಲ್ಲ ಬಲಗೈ ಮುಷ್ಟಿ ಬಿಗಿಹಿಡಿದು, ಪ್ರಸಾದ ಹಿಡಿದವರಂತೆ ಕಾಯುತ್ತಿದ್ದರು.

ಈ ಗದ್ದಲದಲ್ಲಿ ಓಲಗದ ಯಜಮಾನರ ಸರದಿ ಹತ್ತು ದಿನ ಹಿಂದೆ ಬಿತ್ತು. ಅವರ ಮಗಳು ಎರಡು ಸಲ ಬಂದು, ಕ್ಯಾಲೆಂಡರಿನಲ್ಲಿ ದಿನ ಎಣಿಸಿ ಹೋದಳು.

ಮುಖಂಡರ ಉಸಿರು

ನಡುವೆ ಒಂದು ದಿನ ಯಂತ್ರದ ಉದ್ಘಾಟನೆ. ಅದು ಕೆಲಸ ಮಾಡತೊಡಗಿ ತಿಂಗಳಾಗಿದ್ದರೂ, ಉದ್ಘಾಟನೆಯಾಗದ ಯಂತ್ರ ನಮ್ಮಲ್ಲಿ ಇದ್ದೂ ಇಲ್ಲದಂತೆ. ಬಡಾವಣೆಯ ಮುಖಂಡರೊಬ್ಬರು ಬಂದು, ಉಸಿರು ಎಂದರೇನು, ಹಸಿರು ಎಂದರೇನು, ತಾವು ಎರಡಕ್ಕೂ ಏನೇನು ಮಾಡಿದ್ದೇವೆ ಎಂಬುದನ್ನು ಮುಕ್ಕಾಲು ಗಂಟೆ ವಿವರಿಸಿದರು. ಹಿಂಬಾಲಕರು "ಅಣ್ಣಾ, ನೀವೇ ಮೊದ್ಲು ಊದ್ಬೇಕು" ಎಂದು ಹುರಿದುಂಬಿಸಿದರು.

ಹತ್ತು ಸೆಕೆಂಡು ಎಡೆಬಿಡದೆ ಊದಬೇಕು. ಅವರು ಎರಡು ಸೆಕೆಂಡು ಊದಿ, ಫೋಟೋದವನ ಕಡೆ ತಿರುಗಿದರು. ಮತ್ತೆ ಊದಿ, ಫೋನಿಗೆ "ಸಭೇಲಿದೀನಿ" ಎಂದರು. ಮೂರನೆಯ ಸಲ ಮುಗುಳ್ನಕ್ಕರು. ಯಂತ್ರ ಕೆಂಪು ದೀಪ ಹಚ್ಚಿತು.

"ಏನ್ ಹೇಳ್ತಿದೆಯಪ್ಪಾ?" ಎಂದು ಕೇಳಿದರು ಗಾಬರಿಯಿಂದ.

ಇಂಜಿನಿಯರಿಗೆ ಲೋಕಜ್ಞಾನ ಕಡಿಮೆ. ಪರದೆಯ ಮೇಲಿದ್ದುದನ್ನು ಇದ್ದಂತೆ ಕನ್ನಡಿಸಿದ: "ಒಳಗಡೆಯಿಂದ ಏನೂ ಬಂದಿಲ್ಲ ಅಂತಿದೆ ಸರ್."

ರಾಗಿಯ ಸಿದ್ಧಾಂತ

ಕೊನೆಗೂ ಯಜಮಾನರು ಊದಿದರು. ಯಂತ್ರ ಹಸಿರು ದೀಪ ಹಚ್ಚಿತು: ಯಾವ ಸೋಂಕಿನ ಸುಳಿವೂ ಇಲ್ಲ.

"ನೋಡ್ದೇನವ್ವಾ!" ಎಂದರು ಮಗಳಿಗೆ, ಅಂಗಳವೆಲ್ಲ ಕೇಳುವಂತೆ. "ಅಷ್ಟು ದುಡ್ಡಿನ ಮಿಶಿನ್ನೇ ಏಳ್ತು. ಇನ್ನು ಡಬ್ಬಿ ಗಿಬ್ಬಿ ಅಂದೀಯ!" ಹೇಳುತ್ತ ಹೇಳುತ್ತ ಕೆಮ್ಮು ಬಂದು ಕಂಬ ಹಿಡಿದುಕೊಂಡರು. ಮಗಳು ನನ್ನ ಮುಖ ನೋಡಿದಳು. ನಾನು ನನ್ನ ಒಪ್ಪಿಗೆ ಪತ್ರವನ್ನು ನೋಡಿದೆ.

ವಿಚಿತ್ರವೆಂದರೆ ಬ್ಯಾಟರಾಯನಪುರ, ಕೊಡಿಗೆಹಳ್ಳಿಗಳ ಹಳೆಯ ಮನೆತನಗಳಿಂದ ಬಂದ ಹಿರಿಯರಿಗೆಲ್ಲ ಯಂತ್ರ ಹಸಿರು ದೀಪವನ್ನೇ ತೋರಿಸುತ್ತಿತ್ತು. ಗೊರಗೊರ ಎನ್ನುವವರೂ ಅದರ ಕಣ್ಣಿಗೆ ಮಲ್ಲರೇ. ಈ ಸುದ್ದಿ ಕೇಳಿ ಬಂದ ಹಿರಿಯ ಪ್ರಾಧ್ಯಾಪಕರೊಬ್ಬರು, ಇದು ತಲೆಮಾರುಗಳಿಂದ ರಾಗಿಮುದ್ದೆ ಉಂಡ ಶ್ವಾಸಕೋಶಗಳ ಮಹಿಮೆಯೆಂದು ಅಲ್ಲಿಯೇ ಸಿದ್ಧಾಂತ ಕಟ್ಟಿದರು. ಅನ್ನ ತಿನ್ನುವ ನಾನು ನಾಚಿ, ಆ ರಾತ್ರಿ ಮುದ್ದೆ ಮಾಡಿಸಿ ಉಂಡೆ.

ಮುಂದಿನ ಶುಕ್ರವಾರ, ಆಸ್ಪತ್ರೆಯ ಗೇಟಿನ ಟೀ ಅಂಗಡಿಯಲ್ಲಿ ಯಜಮಾನರು ನೀರು ಕುಡಿಯುವುದನ್ನು ಕಂಡೆ. ಚೊಂಬನ್ನು ಮೇಲೆತ್ತಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ತುಟಿಗೆ ತಾಗದಂತೆ ನಾಲ್ಕು ಬೆರಳು ಮೇಲಿನಿಂದ ಗಂಟಲಿಗೆ ಧಾರೆ ಬಿಟ್ಟರು. ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಎಷ್ಟು ಸೊಗಸಾಗಿ ಕುಡಿಯುತ್ತಾರೆಂದು ಮೆಚ್ಚುತ್ತ ನಿಂತವನಿಗೆ, ಇದ್ದಕ್ಕಿದ್ದಂತೆ ಒಂದು ಅನುಮಾನ ಹೊಳೆಯಿತು.

"ಯಜಮಾನ್ರೇ, ಮೊನ್ನೆ ಆ ಕೊಳವೆ ಊದಿದಿರಲ್ಲ, ಹೇಗೆ ಊದಿದಿರಿ?"

"ಇನ್ನೆಂಗೆ ಸ್ವಾಮಿ?" ಅವರು ಕೈಯನ್ನು ತುಟಿಯ ಮುಂದೆ ನಾಲ್ಕು ಬೆರಳು ದೂರ ಹಿಡಿದು ತೋರಿಸಿದರು. "ಡಾಕ್ಟ್ರಮ್ಮ ಮುಟ್ಟೋ ಸಾಮಾನು. ಎಂಜ್ಲು ಮಾಡೋಕಾಯ್ತದಾ? ನಾವೇನು ಅಷ್ಟೂ ತಿಳೀದೋರಾ?"

ಕೊಳವೆಗೆ ಬಾಯಿ ತಾಗಿಸಿ ಎಂದು ಪತ್ರದಲ್ಲಿ ನಾನು ಬರೆದಿರಲಿಲ್ಲವೇ? ಬರೆದಿದ್ದೆ, ವಾಕ್ಯದ ನಡುವೆಲ್ಲೋ, ಯಾರ ಕಿವಿಗೂ ತಲುಪದಷ್ಟು ಸೊಗಸಾಗಿ. ಓಡಿಹೋಗಿ ಹೇಳಿದೆ. ಹಳೆಯ ಊರಿನ ಹಿರಿಯರೆಲ್ಲ ಮರ್ಯಾದೆಯಿಂದ ದೂರ ನಿಂತು ಊದಿದ್ದರು. ಊದಿದ ಗಾಳಿ ಗೋಡೆಗೆ ಹೋಗಿತ್ತು, ಅದರ ರಭಸಕ್ಕೆ ಕೋಣೆಯ ಗಾಳಿಯೇ ಹತ್ತು ಸೆಕೆಂಡು ಎಡೆಬಿಡದೆ ನುಗ್ಗಿ ಚೀಲ ತುಂಬಿದ್ದರಿಂದ ಯಂತ್ರ ಮೋಸಹೋಗಿತ್ತು. ಯಾರೂ ಗಮನಿಸಿರಲಿಲ್ಲ, ಏಕೆಂದರೆ ಇಂಜಿನಿಯರು ಸದಾ ಪರದೆ ನೋಡುತ್ತಿದ್ದ. ಡಾಕ್ಟರಮ್ಮ ಪಕ್ಕದ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ನಾನು ನನ್ನ ಗದ್ಯವನ್ನು ನೋಡುತ್ತಿದ್ದೆ.

"ಹಾಗಾದ್ರೆ ಇಷ್ಟು ದಿನ ಸೋಂಕಿಲ್ಲ, ಸೋಂಕಿಲ್ಲ ಅಂತ ಬರಕೊಂಡಿದ್ದು ಯಾರಿಗೆ?" ಎಂದರು ಡಾಕ್ಟರಮ್ಮ, ತಲೆ ಹಿಡಿದುಕೊಂಡು.

ಆಯಾ ನೆಲ ಒರೆಸುವುದನ್ನು ನಿಲ್ಲಿಸಿ, ಸುತ್ತ ನೋಡಿ, ತೃಪ್ತಿಯಿಂದ ಹೇಳಿದಳು: "ನಮ್ ರೂಮಿಗೆ."

ಗಟ್ಟಿಮೇಳ

ಇನ್ನು ಯಜಮಾನರ ಬಾಯಿಯನ್ನು ಕೊಳವೆಗೆ ತಾಗಿಸುವುದು ಹೇಗೆ? ಪೊಟ್ಟಣ ಒಡೆದ ಹೊಸ ಕೊಳವೆ, ಒಬ್ಬರಿಗೆ ಒಂದೇ, ಆಮೇಲೆ ಬಿಸಾಡುತ್ತೇವೆಂದು ಇಂಜಿನಿಯರು ಬೇಡಿಕೊಂಡ.

"ಒಸದೇ ಇರ್ಲಿ ಸಾಮಿ, ನಂದಲ್ಲವಲ್ಲ. ಓಲಗದವನು ಬ್ಯಾರೆಯವ್ರ ಕೊಳ್ವೆಗೆ ಬಾಯಿಡಬಾರ್ದು. ನಮ್ಮಪ್ಪ ನನ್ ಕೊಳ್ವೆ ಮುಟ್ಟಿದೋನಲ್ಲ, ನಾನು ಅವನ್ದು ಮುಟ್ಟಿದೋನಲ್ಲ."

ಅವರ ಮನವೊಲಿಸುವ ಭಾರ ನನ್ನ ಮೇಲೆ ಬಿತ್ತು. ಧರ್ಮ, ಲೋಕಹಿತ, ಶಿಶುರಕ್ಷಣೆ ಎಂದು ನಾನು ಕಾಲು ಗಂಟೆ ಮಾತಾಡಿದೆ. ಅವರು ಹಿಂದಿನಂತೆಯೇ ಕೈ ಮುಗಿದು ಕೇಳಿ, ಹಿಂದಿನಂತೆಯೇ ಕುಳಿತರು. ಆಗ ಬಾಗಿಲಾಚೆಯಿಂದ ಮಗಳು, ನೋವಿನ ಬೆನ್ನನ್ನು ಗೋಡೆಗೊತ್ತಿ, ಒಂದೇ ಮಾತು ಹೇಳಿದಳು:

"ಅಪ್ಪಯ್ಯ, ಕೂಸಿನ ಹೆಸ್ರಿಡೋ ದಿನ ನೀನು ಊದ್ಬೇಕಾ, ಇಲ್ಲಾ ನಿನ್ನ ಫೋಟೋ ಮುಂದೆ ಬೇರೆಯವ್ರು ಊದ್ಬೇಕಾ?"

ಮೂವತ್ತು ವರ್ಷದ ನನ್ನ ಗದ್ಯಾಭ್ಯಾಸದಲ್ಲಿ ಅಂಥ ವಾಕ್ಯ ನನ್ನಿಂದ ಹೊರಟಿಲ್ಲ.

ಯಜಮಾನರು ಮೇಲುವಸ್ತ್ರ ಸರಿಸಿದರು. ಆಮೇಲೆ ಒಳಜೇಬಿನಿಂದ ಸಣ್ಣ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದರು. ಒಳಗೆ ನಾಗಸ್ವರದ ತುದಿಗೆ ಸಿಕ್ಕಿಸಿ ಊದುವ ಪುಟ್ಟ ಪೀಪಿ. "ಇದು ನಂದು. ಇದನ್ನ ನಿಮ್ ಕೊಳ್ವೆಗೆ ಸಿಗ್ಸಿ. ಊದ್ತೀನಿ."

ಇಂಜಿನಿಯರು ಶಾಸ್ತ್ರಕ್ಕೆ ವಿರುದ್ಧವೆಂದು ಗೊಣಗಿದ. ಡಾಕ್ಟರಮ್ಮ ಪ್ಲಾಸ್ಟರ್ ಸುತ್ತಿ ಪೀಪಿಯನ್ನು ಬಿಗಿಮಾಡಿಯೇಬಿಟ್ಟರು. ಆ ಯಂತ್ರಕ್ಕೆ ಒಂದು ಗುಣವಿತ್ತು: ಬಾಯಿಯ ಮೇಲುಗಾಳಿ ಬೇಡ, ಎದೆಯಾಳದ ಉಸಿರು ಬೇಕೆಂದು, ಮೊದಲ ಗಾಳಿಯನ್ನು ಪಕ್ಕದ ಕಿಂಡಿಯಿಂದ ಹೊರಗೆ ಬಿಡುತ್ತಿತ್ತು. ಯಜಮಾನರು ಕಣ್ಣು ಮುಚ್ಚಿ ಊದಿದರು. ಮೂರಡಿ ಕೊಳವೆ, ಒಂದು ಕಿಂಡಿ, ನಲವತ್ತು ವರ್ಷದ ಉಸಿರು; ನಾದ ಹೊರಟು ಕೋಣೆ ಗುಡಿಯಾಯಿತು.

ಹತ್ತು ಸೆಕೆಂಡು ಕಳೆಯಿತು. ಕಿಂಡಿ ಮುಚ್ಚಿಕೊಳ್ಳುವುದನ್ನು ಮರೆತು ಹಾಡುತ್ತಿತ್ತು, ಚೀಲ ಕುಂಬಳಕಾಯಿಯಾಯಿತು. ಇಂಜಿನಿಯರು "ಸಾಕು! ಸಾಕು!" ಎಂದು ಕೂಗಿ, ಅದು ಕೇಳಿಸದ್ದರಿಂದ ಬಲಗೈಯನ್ನು ಮೇಲೆತ್ತಿ ಜೋರಾಗಿ ಆಡಿಸಿದ.

ಮದುವೆ ಮನೆಯಲ್ಲಿ ಪುರೋಹಿತರು ಕೈಯೆತ್ತಿ ಆಡಿಸಿದರೆ ಓಲಗದವರಿಗೆ ಅರ್ಥ ಒಂದೇ. ತಾಳಿ ಕಟ್ಟುವ ಗಳಿಗೆ ಬಂದಿದೆ. ಯಜಮಾನರು ಅರೆಗಣ್ಣಿನಲ್ಲಿ ಆ ಕೈ ಕಂಡು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ತುಟಿಗೆ ತಂದು ಗಟ್ಟಿಮೇಳ ಊದಿದರು.

ಚೀಲ ಒಡೆಯುವ ಮೊದಲು ಆಯಾ ಹಾರಿ ಬಂದು ಅದರ ಕತ್ತನ್ನು ಕೋಳಿಯ ಕತ್ತಿನಂತೆ ಹಿಸುಕಿ ಹಿಡಿದಳು. ಹೊರಗೆ ಎದ್ದ ಗದ್ದಲವನ್ನು ಅಡಗಿಸಿ ಬರಲೆಂದು ಇಂಜಿನಿಯರು ಬಾಗಿಲು ತೆರೆದ. ಬೆಂಚಿನ ಮೇಲಿದ್ದವರು, ಹುಟ್ಟಿದಂದಿನಿಂದ ಗಟ್ಟಿಮೇಳ ಕೇಳಿ ಬೆಳೆದವರು, ಅಷ್ಟರಲ್ಲಿ ತಮಗರಿವಿಲ್ಲದೆ ಎದ್ದು ನಿಂತಿದ್ದರು. ಬಾಗಿಲಲ್ಲಿ ಗಂಡೊಬ್ಬ ಕಾಣಿಸಿದ. ಬಲಗೈ ಮುಷ್ಟಿಗಳೆಲ್ಲ ಒಟ್ಟಿಗೆ ಬಿಚ್ಚಿದವು. ಲವಂಗದ ಅಕ್ಷತೆ ಅವನ ತಲೆಯ ಮೇಲೆ ಸುರಿಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು "ನೂರ್ ಕಾಲ ಬಾಳಪ್ಪ" ಎಂದು ಹರಸಿ, ಆಮೇಲೆ ಸುತ್ತ ನೋಡಿ ಕೇಳಿದರು: "ಹೆಣ್ಣೆಲ್ಲಿ?"

ಆ ಉಸಿರಿನಲ್ಲಿ ಯಂತ್ರ ಸೋಂಕಿನ ಕೆಂಪು ಗೆರೆಯನ್ನು ಬರೆಯಿತು. "ಇದು ಪ್ರಮಾಣ ಅಲ್ಲ" ಎಂದು ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಯಜಮಾನರು ಕೈ ಚಾಚಿದರು: "ಕೊಡಿ ತಾಯಿ ಡಬ್ಬಿ. ಬಾಯಿಕೊಟ್ಟಾಯ್ತು, ಇನ್ನೇನ್ ಮಾನ." ಕಫ ಕ್ಷಯವೆಂದಿತು. ಮಗಳು ಯಲಹಂಕದ ಚಿಕ್ಕಮ್ಮನ ಮನೆಗೆ ಹೋದಳು. ಯಜಮಾನರು ದಿನವೂ ಮಾತ್ರೆ ನುಂಗಿದರು, ಅದನ್ನೂ ತುಟಿಗೆ ತಾಗಿಸದೆ. ನಾಮಕರಣವನ್ನು ಅವರು ಗುಣವಾಗುವವರೆಗೆ ಮುಂದಕ್ಕೆ ಹಾಕಿದರು. ಅಲ್ಲಿಯವರೆಗೆ ಕೂಸನ್ನು ಎಲ್ಲರೂ "ಪೀಪಿ" ಎಂದು ಕರೆದರು.

ಇಷ್ಟಾದರೂ ಸಮಿತಿ ಸುಮ್ಮನಿರಲಿಲ್ಲ. ಪರೀಕ್ಷೆಯಲ್ಲಿ ಅನಿರೀಕ್ಷಿತ ಘಟನೆ ನಡೆದರೆ ತುಂಬಬೇಕಾದ ಒಂದು ಅರ್ಜಿ ಉಂಟು. ವಕೀಲರು ಅದನ್ನು ನನ್ನ ಮುಂದಿಟ್ಟರು. ಈ ಸಲ ನಾನು ಸಣ್ಣ ಸಣ್ಣ ವಾಕ್ಯಗಳನ್ನೇ ಬರೆದೆ. ಕೊನೆಯ ಕಲಮು: ಘಟನೆಗೆ ಒಳಗಾದವರ ಈಗಿನ ಸ್ಥಿತಿ.

"ಯಜಮಾನರು: ಗುಣಮುಖ, ಮೊಮ್ಮಗಳ ನಾಮಕರಣದಲ್ಲಿ ತಾವೇ ಓಲಗ ಊದಿದರು. ತಾಯಿ, ಮಗು: ಕ್ಷೇಮ. ಇಂಜಿನಿಯರು: ಗಟ್ಟಿಮೇಳ ಆಗಿದೆ, ಅಕ್ಷತೆ ಬಿದ್ದಿದೆ, ಹಿರಿಯರು ಹರಸಿದ್ದಾರೆ, ಹೆಣ್ಣು ಮಾತ್ರ ಇನ್ನೂ ಸಿಕ್ಕಿಲ್ಲ."